ಐದು ಮೂಳೆಯಷ್ಟು ಜಾಗ

ಉಲಾನ್‌ಬಾತರಿನ ಉತ್ತರದ ಗುಡ್ಡದಡಿ, ನಾಲ್ಕನೇ ಶೆಡ್ಡಿನಲ್ಲಿ,
ಇಪ್ಪತ್ತೆರಡು ವರ್ಷ ನನ್ನ ಬಲಗೈಗೊಂದು ಹೆಸರಿತ್ತು:
ಹೆಗ್ಗಣ.
"ಒಯೂನ್‌ಗೆರೆಲ್ ಅಕ್ಕಾ, ಒಂದು ಗಳಿಗೆ ನಿನ್ನ ಹೆಗ್ಗಣ ಕೊಡು"
ಎಂದು ಪಕ್ಕದ ಶೆಡ್ಡಿನವರು ಕೂಗುತ್ತಿದ್ದರು.
ಗಂಡಸರ ಮುಂಗೈ ಸಿಕ್ಕಿಬೀಳುವ ಕಡೆ
ನನ್ನದು ಮೊಣಕೈವರೆಗೂ ಇಳಿಯುತ್ತಿತ್ತು,
ಕಣ್ಣಿಲ್ಲದೆ ಬೋಲ್ಟಿನ ಆರೂ ಮೂಲೆ ಎಣಿಸಿ ಬರುತ್ತಿತ್ತು.
ಕೂಲಿ: ಒಂದು ಬಟ್ಟಲು ಉಪ್ಪು ಹಾಕಿದ ಹಾಲಿನ ಚಹಾ.

ಈಗ ಹೆಬ್ಬೆರಳ ಬುಡದಲ್ಲಿ ಮರಳು ಸೇರಿದ ಹಾಗೆ.
ಬೆಳಿಗ್ಗೆ ಗುಂಡಿ ಹಾಕಿಕೊಳ್ಳಲಿಕ್ಕೂ ಬಿಸಿನೀರು ಬೇಕು.
ಡಾಕ್ಟರು ಕೈ ತಿರುಗಿಸಿ ನೋಡಿ, ಏನು ಕೆಲಸ, ಅಂದಳು.
ಹೇಳಿದೆ. ಅವಳದೂ ಪ್ರಿಯಸ್ಸೇ.
ಬಿಡು ಅನ್ನಲಾರದೆ ಸುಮ್ಮನಾದಳು.

ಜಪಾನಿನಲ್ಲಿ ಒಂದು ಆಯುಷ್ಯ ಮುಗಿಸಿ ಬರುತ್ತವೆ ಈ ಕಾರುಗಳು,
ಎರಡನೇ ಮದುವೆಯಾಗಿ ಬಂದವರ ಹಾಗೆ,
ಹಳೇ ಮನೆಯ ಉಪ್ಪನ್ನು ಕೀಲುಗಳಲ್ಲಿ ಬಚ್ಚಿಟ್ಟುಕೊಂಡು.
ಇಂಜಿನ್ನಿನ ಬೆನ್ನಿಗೂ ಒಳಗೋಡೆಗೂ ನಡುವೆ
ಹದಿನಾಲ್ಕರ ಬೋಲ್ಟೊಂದು ನಿಂತಿರುತ್ತದೆ,
ಸಾಲ ಕೊಟ್ಟವನು ಬಂದಾಗ
ಬಾಗಿಲ ಹಿಂದೆ ಉಸಿರು ಹಿಡಿದು ನಿಂತವನಂತೆ.

ಅಳತೆಪಟ್ಟಿ ಅಲ್ಲಿ ಹೋಗುವುದಿಲ್ಲ.
ಮಗಳು ಆಡಿ ಬಿಟ್ಟ ಕುರಿಯ ಗೆಣ್ಣುಮೂಳೆ, ಶಗೈ,
ಗೋಂದು ಹಚ್ಚಿ ಒಂದಕ್ಕೊಂದು ಸೇರಿಸಿ ಇಳಿಬಿಟ್ಟೆ:
ಐದು. ಐದರ ಮೇಲೆ ಒಂದು ಕೂದಲು.
ಆ ಐದನ್ನೂ ಕಿಸೆಗಿಳಿಸಿ ಬಜಾರಿಗೆ ಹೋದೆ.

ಗಾನ್‌ಸುಖ್ ಮೊದಲು ದೊಡ್ಡದನ್ನೇ ಎತ್ತಿದ.
"ಲಾರಿ ಚಕ್ರದ ನಟ್ಟೂ ಇದರ ಮುಂದೆ ಬೆಣ್ಣೆ."
ಒಂಬತ್ತು ಮೂಳೆ ಉದ್ದ. ಬೆಣ್ಣೆ ಇರುವ ಗಡಿಗೆಗೆ
ಕೈಯೇ ಇಳಿಯದಿದ್ದರೆ, ತಮ್ಮಾ?
ಎರಡನೆಯದು ಸಪೂರ, ಕೊಕ್ಕರೆ ಕುತ್ತಿಗೆ, ಎಲ್ಲಿಗೂ ತೂರುತ್ತದೆ;
ತೂರಿ ತುಕ್ಕಿನ ಮುಂದೆ ಕೈಮುಗಿದು ನಿಲ್ಲುತ್ತದೆ.
ನನಗೆ ಗೊತ್ತು, ಪಕ್ಕದವರ ಬಳಿ ಇದೆ.

ಮೂರನೆಯದಕ್ಕೆ ಕುತ್ತಿಗೆಯೇ ಇಲ್ಲ.
ಗಿಡ್ಡ ಟಗರಿನ ಹಾಗೆ ಬರೀ ಹಣೆ.
ಗಾಜಿನ ಮೇಲೆ ಮಲಗಿಸಿ ಮೂಳೆ ಜೋಡಿಸಿದೆ:
ನಾಲ್ಕು. ಗಿಡ್ಡ ಸಾಕೆಟ್ಟು ಸಿಕ್ಕಿಸಿದರೆ ಐದು.
ಉಳಿದದ್ದು ಆ ಕೂದಲು.
"ದೊಡ್ಡ ಬ್ಯಾಟರಿ ಹಾಕಿಕೊಡಲಾ?" ಅಂದ.
ತಲೆ ತೂರಿದರೆ ಸಾಕೇ, ಬುಡವೂ ತೂರಬೇಡವೇ?
ಚಿಕ್ಕದೇ ಕೊಡು. ಕೊಡುವ ಮೊದಲು
ಹೊರಗೆ ಹಿಮದ ಮೇಲಿಡು, ನಾನು ಚಹಾ ಕುಡಿದು ಬರುವ ತನಕ.

ಮೈನಸ್ ಮೂವತ್ತೊಂದು.
ಬಂದು ಗುಂಡಿ ಒತ್ತಿದರೆ ಮುದುಕನ ಕೆಮ್ಮು,
ಎರಡು ಸಲ ಗೊರ್ ಅಂದು ಸತ್ತಿತು.
ಗಾನ್‌ಸುಖ್ ಕೆಂಪಾದ.
ನಾನು ಬ್ಯಾಟರಿ ಕಳಚಿ ದೇಲ್ ಅಂಗಿಯ ಎದೆಮಡಿಕೆಗೆ ಹಾಕಿದೆ,
ವಸಂತಕ್ಕೆ ಮೊದಲೇ ಹುಟ್ಟಿದ ಕುರಿಮರಿಯನ್ನು
ಅಮ್ಮ ಹಾಕಿಕೊಳ್ಳುತ್ತಿದ್ದ ಜಾಗಕ್ಕೆ.
ಹತ್ತು ನಿಮಿಷ ಇಬ್ಬರೂ ಮಾತಾಡಲಿಲ್ಲ.
ಆಮೇಲೆ ಅದು ಟರ್‍ರ್ ಎಂದು ಕೈಯಲ್ಲಿ ಒದೆಯಿತು.
ಎರಡು ಕುರಿಯ ಬೆಲೆ ಹೇಳಿದ. ಕೊಟ್ಟೆ.

ಬೋಲ್ಟು ಮೂರು ಗುದ್ದಿಗೆ ಸಡಿಲಾಯಿತು.
ಹೋದ ಚಳಿಗಾಲ ಇದೇ ಬೋಲ್ಟಿನ ಅಣ್ಣ
ಒಂದು ಮಧ್ಯಾಹ್ನ, ಮುಂಗೈಯ ಚರ್ಮ, ಎರಡೂ ತಿಂದಿತ್ತು.
ಕೆಲಸ ಕಲಿಯುವ ತೆಮೂಲೆನ್ ಸಿಳ್ಳೆ ಹೊಡೆದ.
ತಿರುಗಿ ಕೂರಿಸುವಾಗಲೂ ಅದನ್ನೇ ಚಾಚಿದ;
ಬೇಡ ಅಂದೆ.
ಮೊದಲ ಮೂರು ಸುತ್ತು ಬೆರಳೇ ಹೋಗಬೇಕು,
ಎಳೆ ಎಳೆಗೆ ಕೂತಿದ್ದು ಬೆರಳಿಗೆ ಮಾತ್ರ ತಿಳಿಯುತ್ತದೆ.
ಕೂತಿತು. ನೋವಿನಿಂದ ಕಣ್ಣು ತುಂಬಿದ್ದು
ಇಂಜಿನ್ನಿನ ಕತ್ತಲೆಗೆ ಮಾತ್ರ ಕಂಡಿತು.

ಸಂಜೆ ಪಕ್ಕದ ಶೆಡ್ಡಿನ ಲುವ್ಸಂದೋರ್ಜ್ ಬಂದ.
"ಅಕ್ಕಾ, ಹೆಗ್ಗಣ."
ಗಿಡ್ಡ ಟಗರನ್ನು ಮುಂದಿಟ್ಟೆ.
ಅದನ್ನು ನೋಡಿದ. ನನ್ನ ಕೈ ನೋಡಿದ.
ಟೋಪಿ ಹಿಂದಕ್ಕೆ ಸರಿಸಿ ಕೇಳಿದ:
"ಬಾಡಿಗೆ ಎಷ್ಟು?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.