ಸಾಕು

ಮದುವೆಯಾದ ಮೇಲೆ ಮೊದಲ ಭಾನುವಾರ.
ವೇಕ್‌ಫೀಲ್ಡಿನಾಚೆ ರಾಥ್‌ವೆಲ್ಲಿನ ಮನೆಯಲ್ಲಿ
ಉದ್ದ ಮೇಜಿಗೆ ಹತ್ತೊಂಬತ್ತು ಜನ, ನಾನೊಬ್ಬಳೇ ಹೊಸಬಳು.
ಅಜ್ಜನ ತಟ್ಟೆಗೆ ಗ್ರೇವಿ ಹೊಯ್ಯುತ್ತಿದ್ದೆ, ಕೈ ಸಣ್ಣಗೆ ನಡುಗುತ್ತಿತ್ತು.
ಅವನು ತಲೆ ಎತ್ತದೆ ಅಂದ:
ಸಾಕು.

ಜಗ್ಗು ಅಲ್ಲೇ ನಿಂತಿತು ಗಾಳಿಯಲ್ಲಿ.
ಉಳಿದವರು ಬಟಾಣಿಯ ಬಟ್ಟಲು ದಾಟಿಸುತ್ತಲೇ ಇದ್ದರು,
ಅಜ್ಜ ಕೆಮ್ಮಿದನೆಂದುಕೊಂಡರೋ ಏನೋ.

ಎಡ್ಗರ್ ಆಕ್‌ರಾಯ್ಡ್. ಇಪ್ಪತ್ತೊಂದಕ್ಕೆ ಬರ್ಮಾ.
ತೊಡೆಯಲ್ಲಿ ಚೂರು, ಮೈಯಲ್ಲಿ ಮಲೇರಿಯಾ ಹೊತ್ತು
ಜಾಲಹಳ್ಳಿಯ ಆಸ್ಪತ್ರೆಯಲ್ಲಿ ಮೂರು ತಿಂಗಳು.
ಅಲ್ಲೊಬ್ಬಳು ಆಯಾ. ಹೆಸರು ಕೇಳಲಿಲ್ಲ ಅಂದ,
ಅದೊಂದು ನಾಚಿಕೆ ಅಂದ.
ಹೂಜಿಯಿಂದ ನೀರು ಬಗ್ಗಿಸುತ್ತ ಕೇಳುತ್ತಿದ್ದಳಂತೆ, ಸಾಕಾ?
ಹೀಗೆ ಕಲಿತ ಒಂದೇ ಪದ
ಅವನ ಜೊತೆ ಹಡಗು ಹತ್ತಿ ಬಂದು
ಐವತ್ತೆಂಟು ವರ್ಷ ಯಾರಿಗೂ ಕಾಣದ ಜೇಬಿನಲ್ಲಿ ಕೂತಿತ್ತು.

ಯುದ್ಧದ ಬಗ್ಗೆ ಮಕ್ಕಳಿಗೆ ಇಷ್ಟೂ ಗೊತ್ತಿರಲಿಲ್ಲ.

ನವೆಂಬರಿನಲ್ಲಿ ಊರೆಲ್ಲ ಎದೆಗೆ ಗಸಗಸೆ ಹೂ ಸಿಕ್ಕಿಸಿ
ಕಲ್ಲುಕಂಬದ ಮುಂದೆ ಎರಡು ನಿಮಿಷ ನಿಂತರೆ
ಇವನು ಹೊಲದಲ್ಲಿ ಬೇರು ಕೀಳುತ್ತಿದ್ದ.
ರೂಬಾರ್ಬಿನ ಬೇರು, ಕುರಿಮರಿಯಷ್ಟು ಭಾರ,
ಎರಡು ವರ್ಷ ಬಯಲ ಹಿಮ ತಿಂದದ್ದು.
ಆಮೇಲೆ ಅದಕ್ಕೆ ಕತ್ತಲ ಕೊಟ್ಟಿಗೆ,
ಕಿಟಕಿ ಇಲ್ಲ, ಬೆಚ್ಚನೆ ಒದ್ದೆ ಗಾಳಿ.
ಕೊಯ್ಯುವಾಗ ಮೇಣದ ಬತ್ತಿ, ಅದೂ ಎಣಿಸಿ ಎರಡು.
ಬೆಳಕು ಹೆಚ್ಚಾದರೆ ದಂಟು ಕಹಿ ಅನ್ನುತ್ತಿದ್ದ.

ಒಮ್ಮೆ ಕರೆದೊಯ್ದು, ಬತ್ತಿ ಆರಿಸಿ, ಕೇಳು ಅಂದ.
ಟಪ್.
ಆ ಮೂಲೆಯಲ್ಲಿ ಇನ್ನೊಂದು, ಟಪ್.
ಮೊಗ್ಗು ಸಿಪ್ಪೆ ಒಡೆಯುವ ಸದ್ದು,
ಪಂಚಮಿಗೆ ಜೋಳದ ಅಳ್ಳು ಹುರಿದಾಗ
ಒಲೆ ಆರಿದ ಮೇಲೂ ಒಂದೆರಡು ಸಿಡಿಯುವ ಹಾಗೆ.
ಕಾಡಿನಲ್ಲಿ ರಾತ್ರಿ ಇಂಥದೇ ಸದ್ದಿಗೆ ಗುಂಡು ಹಾರಿಸುತ್ತಿದ್ದೆವು.
ಬಹಳ ಸಲ ಅದು ಬರೀ ಬಿದಿರು.
ಬಹಳ ಸಲ, ಅಂದು ಸುಮ್ಮನಾದ.
ನಾನೂ ಕೇಳಲಿಲ್ಲ.

ನನ್ನನ್ನು ‘ದೀ’ ಅನ್ನುತ್ತಿದ್ದ, ಯಾರ್ಕ್‌ಷೈರಿನ ಮುದುಕರ ಹಳೇ ಮಾತು,
ಮೊಮ್ಮಕ್ಕಳು ನಗುತ್ತಿದ್ದರು.
ನನಗೆ ಅದು ಬಾದಾಮಿಯ ನಮ್ಮಜ್ಜಿಯ ‘ನೀ’.
ಅದಕ್ಕೇ ಇಲ್ಲಿ ಅವನು ಅವನು ಎಂದು ಬರೆಯುತ್ತಿದ್ದೇನೆ,
ಬಹುವಚನ ಹಾಕಿದರೆ ಅಜ್ಜನ ಗುರುತು ಹತ್ತಲಿಕ್ಕಿಲ್ಲ.

ಅವನ ಕೆಂಪು ದಂಟಿನಲ್ಲಿ ಪುಂಡಿಪಲ್ಯ ಮಾಡಿದೆ,
ಕಡಲೆಬೇಳೆ, ಬೆಳ್ಳುಳ್ಳಿ, ಒಣಮೆಣಸು.
ಕಸ್ಟರ್ಡ್ ಬಿಟ್ಟು ಬೇರೆ ನೆಂಟರನ್ನು ಕಾಣದ ದಂಟು ತಬ್ಬಿಬ್ಬಾಯಿತು.
ಅಜ್ಜ ಬೆವರಿದ, ಮೂಗು ಒರೆಸಿದ, ಮತ್ತೆ ತಿಂದ.
ಸಾಕಾ? ಅಂದೆ.
ಬೇಕು ಅನ್ನಲು ಅವನ ಹತ್ತಿರ ಪದವಿರಲಿಲ್ಲ.
ತಟ್ಟೆ ಮುಂದೆ ತಳ್ಳಿದ.

ಆ ಪದಕ್ಕೆ ಇನ್ನೊಂದು ಅರ್ಥವಿದೆಯೆಂದು
ಕೊನೆಯ ಚಳಿಗಾಲದಲ್ಲಿ ಹೇಳಿದೆ, ತಡವಾಗಿ.
ಸಾಕು ಅಂದರೆ ಸಲಹು, ಅಜ್ಜ. ಕರುವನ್ನು, ಕೂಸನ್ನು.
ಯುದ್ಧದಿಂದ ಬಾರದ ಅಣ್ಣನ ಇಬ್ಬರು ಮಕ್ಕಳನ್ನು ನೀನು ಮಾಡಿದ ಹಾಗೆ,
ಹೆಂಡತಿಯ ಕಿವುಡು ಚಿಕ್ಕಮ್ಮನನ್ನು,
ಗಣಿ ಮುಚ್ಚಿದ ವರ್ಷ ಪಕ್ಕದ ಮನೆಯ ಆ ಹುಡುಗನನ್ನು.
ಅವನು ಕಿಟಕಿಯತ್ತ ನೋಡುತ್ತ ಬಹಳ ಹೊತ್ತು ಕೂತ.
ಹಾಗಾದರೆ ಆಕೆ ನನ್ನನ್ನು ಕೇಳಿದ್ದು ಯಾವುದು?
ವ್ಯಾಕರಣ ನನಗೆ ಗೊತ್ತಿತ್ತು.
ಹೇಳಲಿಲ್ಲ.

ಫೆಬ್ರವರಿ. ವಾರ್ಡಿನಲ್ಲಿ ನರ್ಸು ಚಮಚದಿಂದ ನೀರು ಹಾಕುತ್ತಿದ್ದಳು.
ಅವನ ತುಟಿ ಅಲುಗಿತು. ಏನಂದರು ಎಂದು
ಅವಳು ಮಾವನನ್ನು ನೋಡಿದಳು, ಮಾವ ನನ್ನನ್ನು.
ನೀರು ಬೇಡವಂತೆ, ಅಂದೆ.

ಮಣ್ಣಿಗಿಟ್ಟ ಮರುದಿನವೇ ಕೊಯ್ಲು, ದಂಟು ಯಾರಿಗೂ ಕಾಯುವುದಿಲ್ಲ.
ಹದಿನೆಂಟು ಜನ ಕೊಟ್ಟಿಗೆಗೆ ಇಳಿದೆವು,
ತಲೆಗೊಂದು ಬತ್ತಿ ಹಿಡಿದು.
ಆರಿಸಿರೋ ಎಂದು ಬೈಯುವವನಿಲ್ಲದೆ
ಗೋಡೆಯ ಜೇಡರಬಲೆ ಕೂಡ ಕಾಣುವಷ್ಟು ಬೆಳಕು.
ಆ ವರ್ಷದ ದಂಟು
ಸ್ವಲ್ಪ ಕಹಿಯೇ.