ಹಾರ್ನಿನ ಬದಲು

ಗಾಳಿ ಬರುತ್ತದೆ. ಬರುವುದೇನೋ ಜೋರಾಗಿಯೇ ಬರುತ್ತದೆ,
ನಾಲ್ಕನೇ ನಂಬರಿಗೆ ತಿರುಗಿಸಿದರೆ
ರೊಟ್ಟಿ ಹಂಚಿಗೆ ಮುಖ ಕೊಟ್ಟ ಹಾಗೆ.
ಲಗ್ಗೆರೆಯಿಂದ ನಾಗರಭಾವಿ ಮುಟ್ಟುವಷ್ಟರಲ್ಲಿ
ಪೆಟ್ಟಿಗೆಯೊಳಗಿನ ಹನ್ನೊಂದು ಲಿಪ್‌ಸ್ಟಿಕ್ಕು
ಒಂದೇ ಬಣ್ಣದ ಪಾಯಸ.
ಮದುಮಗಳ ಮುಖ ಮುಟ್ಟುವ ಮೊದಲು
ನನ್ನದನ್ನು ಒರೆಸಿಕೊಳ್ಳಬೇಕು.

ಎರಡು ಸಾವಿರದ ನಾಲ್ಕರ ಸ್ಯಾಂಟ್ರೊ. ನನ್ನದು ಮೂರನೇ ಕೈ.
ರಿಂಗ್ ರೋಡಿನ ಮೆಕ್ಯಾನಿಕ್ಕು ಬಾನೆಟ್ಟು ಎತ್ತದೆಯೇ ಹೇಳಿದ:
"ಕಂಪ್ರೆಸರ್ ಹೋಗಿದೆ ಮೇಡಂ, ಹದಿನೆಂಟು ಸಾವಿರ."
ಸುಂಕದಕಟ್ಟೆಯವನು ಗ್ಯಾಸ್ ಹೋಗಿದೆ ಅಂದ,
ತುಂಬಿದ, ಎರಡೂವರೆ ತೆಗೆದುಕೊಂಡ.
ಗ್ಯಾಸೂ ಇತ್ತು, ಬಿಸಿಯೂ ಇತ್ತು.

ಭಾನುವಾರ ದುಪಟ್ಟಾ ಬಿಚ್ಚಿ ಗೇಟಿಗೆ ಕಟ್ಟಿದೆ,
ತಿರುಗುವ ಬೆಲ್ಟಿಗೆ ಬಟ್ಟೆ ಅಂದರೆ ಬಲು ಆಸೆ.
ಕೆಳಮನೆ ಫಿಲೋಮಿನಾ ಆಂಟಿ ಸ್ಟೇರಿಂಗ್ ಹಿಂದೆ.
ಜೀವಮಾನದಲ್ಲಿ ಕಾರು ಓಡಿಸಿದವರಲ್ಲ,
ಆದರೂ ಸೀಟ್‌ಬೆಲ್ಟು ಹಾಕಿ ಕೂತಿದ್ದಾರೆ.

"ಒತ್ತಿ ಆಂಟಿ."
"ಒತ್ತಿದೆ."
"ಬಿಡಿ. ಇನ್ನೊಂದು ಸಲ."
"ದೀಪ ಬಂತಮ್ಮ, ಹಸಿರು."
ಇಲ್ಲಿ ಏನೂ ಇಲ್ಲ.
ಬೆಲ್ಟು ತನ್ನ ಪಾಡಿಗೆ ಸುತ್ತುತ್ತಿದೆ,
ರಾಟೆಯ ಮುಂದಿನ ಬಿಲ್ಲೆ ಮಾತ್ರ ಅಲ್ಲಾಡುತ್ತಿಲ್ಲ,
ಛತ್ರದ ಮೂಲೆಯಲ್ಲಿ ಮುನಿದು ಕೂತ ಸೋದರಮಾವ.
ಅದು ಟಕ್ಕನೆ ಹಾರಿ ರಾಟೆಗೆ ಅಂಟಬೇಕು,
ಅಂಟಿ ಜೊತೆಗೆ ತಿರುಗಬೇಕು,
ಆಮೇಲೆ ತಂಪಿನ ಮಾತು.

ಮುಂದಿನ ಜಾಲರಿ ತುಂಬ ಮೂರು ವರ್ಷದ ಧೂಳು,
ಪೀಣ್ಯದ ಮಸಿ, ಹೊಂಗೆಹೂವು, ಒಂದು ಚಿಟ್ಟೆಯ ಅರ್ಧ.
ಪೈಪು ಹಿಡಿದು ತೊಳೆಯುತ್ತಿದ್ದೆ.
ಅವತ್ತು ಕಾವೇರಿ ಬರದ ದಿನ,
ಓನರು ಮಹಡಿಯಿಂದ ಕೆಮ್ಮಿದರು.
ಉಳಿದದ್ದು ಹಲ್ಲುಜ್ಜುವ ಬ್ರಷ್ಷಿನಲ್ಲಿ.
ಫ್ಯೂಸು ಕಿತ್ತು ಬಿಸಿಲಿಗೆ ಹಿಡಿದೆ:
ಒಳಗಿನ ತಂತಿ ಕೂದಲೆಳೆಯಷ್ಟು, ಆದರೆ ಮುರಿದಿಲ್ಲ.

ಕೊನೆಗೆ ಕಪ್ಪು ಡಬ್ಬಿಯ ಮುಚ್ಚಳ.
ಒಳಬದಿಯಲ್ಲಿ ಸಣ್ಣ ಸಣ್ಣ ಚಿತ್ರ,
ಒಂದು ಮನೆಗೆ ಹಿಮದ ಹೂವು,
ಪಕ್ಕದ ಮನೆಗೆ ತುತ್ತೂರಿ.
ಎರಡಕ್ಕೂ ಅದೇ ರಿಲೇ, ಅದೇ ನಾಲ್ಕು ಕಾಲು.
ತುತ್ತೂರಿಯದನ್ನು ಕಿತ್ತು ಹಿಮದ ಮನೆಗೆ ಒತ್ತಿದೆ.

"ಒತ್ತಿ ಆಂಟಿ."

ಟಕ್.

ಅಷ್ಟೇ ಸದ್ದು. ಅಡಿಗೆಮನೆಯಲ್ಲಿ ಯಾರೋ ಡಬ್ಬಿ ಮುಚ್ಚಿದಷ್ಟು.
ಇಂಜಿನ್ನು ಒಮ್ಮೆ ಕುಗ್ಗಿ, ಭಾರ ಹೊತ್ತು, ಎದ್ದಿತು.
ಅಲ್ಯುಮಿನಿಯಂ ಕೊಳವೆ ಬೆವರತೊಡಗಿತು,
ಇಷ್ಟು ಹೊತ್ತು ಬೆವರಿದ್ದು ನಾನು.
ಒಳಗಿಂದ ಆಂಟಿ "ಯೇಸಪ್ಪಾ" ಅಂದರು,
ಆಮೇಲೆ ಇಪ್ಪತ್ತು ನಿಮಿಷ ಇಳಿಯಲೇ ಇಲ್ಲ.
ಕಾರಿನಡಿ ತೊಟ್ಟಿಕ್ಕಿದ ನೀರನ್ನು
ಬೀದಿಬೆಕ್ಕು ಮೂಸಿ ನೋಡಿ, ನೆಕ್ಕಿ, ಅಲ್ಲೇ ಮಲಗಿತು.

ಹಾರ್ನು ಈಗ ಸತ್ತಿದೆ. ಗೊತ್ತು.
ಹೊಸ ರಿಲೇಗೆ ನೂರೈವತ್ತಾದೀತು,
ಆದರೆ ಭಾನುವಾರ ಜೆ.ಸಿ. ರೋಡಿಗೆ ಬಾಗಿಲು,
ನಾಲ್ಕಕ್ಕೆ ನಾಗರಭಾವಿಯಲ್ಲಿ ಹುಡುಗಿ ಕಾಯುತ್ತಾಳೆ.
ಹೊರಟೆ,
ಈ ಊರಿನ ರಸ್ತೆಗೆ, ಮೂಕಿಯಾಗಿ.

ಸುಮನಹಳ್ಳಿಯಲ್ಲಿ ಟೆಂಪೋ ಅಡ್ಡ ನಿಂತು ಹೂಕೋಸು ಇಳಿಸುತ್ತಿತ್ತು.
ಅಂಗೈ ಅಭ್ಯಾಸಬಲದಿಂದ ಸ್ಟೇರಿಂಗಿನ ಎದೆಗೆ ಗುದ್ದಿತು.
ಗಾಜು ಇಳಿಸಿದೆ. ತಂಪೆಲ್ಲ ದಡಬಡ ಹೊರಗೆ.
"ಅಣ್ಣಾ, ಒಂಚೂರು ಮುಂದೆ ತಗೊಳ್ಳಿ."
ಅವನು ತಿರುಗಿ ನನ್ನನ್ನೇ ನೋಡಿದ,
ಹಿಂದಿನ ಗಾಡಿಗೂ ಒಂದು ಬಾಯಿ ಇದೆ ಅಂತ
ಅವನಿಗೆ ಆಗಲೇ ಗೊತ್ತಾದ ಹಾಗಿತ್ತು. ಸರಿದ.
ಎಂಟು ಕಡೆ ಗಾಜು ಇಳಿಸಿದೆ, ಆರು ಕಡೆ ದಾರಿ ಸಿಕ್ಕಿತು.
ಒಬ್ಬ ಬೈದ.
ಇನ್ನೊಂದು ಹಸು; ಅದಕ್ಕೆ ಹಾರ್ನೂ ಅಷ್ಟೇ.

ಪೆಟ್ಟಿಗೆ ತೆರೆದರೆ ಹನ್ನೊಂದೂ ನೆಟ್ಟಗೆ, ಮೊನೆ ಸಮೇತ.
ಗದ್ದ ಹಿಡಿದು ಮುಖ ಎತ್ತಿದೆ. ಹುಡುಗಿ ಬೆಚ್ಚಿದಳು:
"ಅಬ್ಬಾ, ಎಷ್ಟು ತಣ್ಣಗಿದೆ ಅಕ್ಕಾ ನಿಮ್ಮ ಕೈ!"
ಆಮೇಲೆ ಕಣ್ಣು ಕೆಳಗಿಳಿಸಿದಳು,
ನನ್ನ ಹೆಬ್ಬೆರಳ ಉಗುರಿನ ಸಂದಿಗೆ,
ಸೀಮೆಎಣ್ಣೆಗೂ ಹೋಗದ ಕಪ್ಪು ಗೆರೆಗೆ.
"ಇದೇನಿದು?"

ಕಾಡಿಗೆ, ಅಂದೆ.