ಕೀಲೆಣ್ಣೆ

ಈ ಸಲ ಬಾಗಿಲು ಕಿರ್ರೆನ್ನಲಿಲ್ಲ.

ಒಳಗೆ ಬಂದ ಗೆರ್ಲಿಂಡೆ ಗಕ್ಕನೆ ನಿಂತಳು,
ಹಿಂದಕ್ಕೆ ಹೋಗಿ ಮತ್ತೊಮ್ಮೆ ತಳ್ಳಿ ನೋಡಿದಳು.
ಬಾಗಿಲ ಕೀಲು ಮಾಡುವ ಕಂಪನಿ,
ಅದರ ಸಭಾಂಗಣದ ಬಾಗಿಲೇ ಇಪ್ಪತ್ತೆರಡು ವರ್ಷ ನರಳಿತ್ತು.
ಪ್ರತಿ ಜೂನಿನಲ್ಲೂ ಟ್ರೌಗೊಟ್ ಎದ್ದು ಕೇಳುತ್ತಿದ್ದ:
"ಮಾನ್ಯ ಅಧ್ಯಕ್ಷರೇ, ಒಂದು ಹನಿ ಎಣ್ಣೆಗೆ
ಯಾವ ಖಾತೆಯಲ್ಲಿ ಹಣ ಇಟ್ಟಿದ್ದೀರಿ?"
ಸಭೆ ನಗುತ್ತಿತ್ತು. ನಡಾವಳಿಗೆ ಸೇರುತ್ತಿತ್ತು.
ಎಣ್ಣೆ ಮಾತ್ರ ಬೀಳುತ್ತಿರಲಿಲ್ಲ.
ನಮಗೂ ಅದೇ ಬೇಕಿತ್ತು:
ಎಣ್ಣೆಗೇ ಕೈ ಬಿಗಿ ಹಿಡಿವವರು
ನಮ್ಮ ಕಾಸನ್ನು ಪೋಲು ಮಾಡಿಯಾರೇ?

ಮೂರನೇ ಸಾಲು, ಕಿಟಕಿ ಪಕ್ಕ, ಆರು ಕುರ್ಚಿ.
ಯಾರೂ ಕಾದಿರಿಸಿದ್ದಲ್ಲ, ಬೇರೆ ಯಾರೂ ಕೂರುವುದೂ ಇಲ್ಲ.
ಅಂಚೆ ಕಚೇರಿಯಿಂದ ನಿವೃತ್ತಳಾದ ಗೆರ್ಲಿಂಡೆ.
ಹಲ್ಲಿನ ಡಾಕ್ಟರು ಟ್ರೌಗೊಟ್,
ಲೆಕ್ಕಪತ್ರದ ಅಡಿಟಿಪ್ಪಣಿಗಳಲ್ಲೂ ಹುಳುಕು ಹುಡುಕುವವನು.
ಟ್ಯೂಬಿಂಗೆನ್‌ನಿಂದ ಸೈಕಲ್ ತುಳಿದು ಬರುವ ಅವಳಿಗಳು
ವೆಂಡೆಲಿನ್, ಕೊರ್ಬಿನಿಯಾನ್;
ಒಬ್ಬ ಕೊಂಡದ್ದನ್ನು ಇನ್ನೊಬ್ಬ ಮುಟ್ಟುವುದಿಲ್ಲ, ಇದೊಂದರ ಹೊರತು.
ವ್ರೊತ್ಸ್ವಾಫಿನಿಂದ ರಾತ್ರಿ ಬಸ್ಸಿನಲ್ಲಿ ಬರುವ ಹುಡುಗಿ ಯಾಗ್ನಾ:
ಷೇರು ಹನ್ನೊಂದೇ, ಪ್ರಶ್ನೆ ನಲವತ್ತು.
ಆರನೆಯವನು ನಾನು, ಭೂಗೋಳದ ಮೇಷ್ಟರು.
ಹಳೆಯ ಗೋದಾಮಿನ ನೆಲ ನೆಕಾರ್ ನದಿಯ ದಂಡೆಗೇ ಇದೆಯೆಂದು
ನಕ್ಷೆಯಲ್ಲಿ ಮೊದಲು ಕಂಡವನು;
ಲೆಕ್ಕದ ಪುಸ್ತಕದಲ್ಲಿ ಅದಕ್ಕೆ
ಇನ್ನೂ ಅಜ್ಜನ ಕಾಲದ ಬೆಲೆ.

ನಲವತ್ತರ ಮಾಲು ಹದಿನೆಂಟಕ್ಕೆ ಸಿಗುತ್ತಿದೆ ಎಂದೆವು.
ಮರುವರ್ಷ ಹದಿನಾರಕ್ಕೆ ಸಿಕ್ಕಿತು.
ತಾಳಿದವನು ಬಾಳಿಯಾನು ಅನ್ನುತ್ತಾರಲ್ಲ,
ನಾವು ತಾಳಿದ್ದೇ ತಾಳಿದ್ದು.

ಸಭೆ ಮುಗಿದರೆ ಆಲೂಗಡ್ಡೆ ಸಾಲಡ್,
ಚೀಟಿಗೆ ಎರಡು ಸಾಸೇಜು, ಸಾಸಿವೆ ಬೇಕಾದಷ್ಟು.
ಉಳಿದ ಬ್ರೆಡ್ಡು ಕರವಸ್ತ್ರದಲ್ಲಿ ಸುತ್ತಿಕೊಂಡು
ಗೆರ್ಲಿಂಡೆಯ ಚೀಲ ಸೇರುತ್ತಿತ್ತು.
ಐದು ಗಂಟೆಯ ರೈಲಿನವರೆಗೂ ವಾದ:
ಸವಕಳಿ, ಸಾಲ, ಡೆನ್ಮಾರ್ಕಿನ ಯಾವುದೋ ಸಾಬೂನು ಕಂಪನಿ.
ಮನೆಯ ಮಾತು ಯಾರೂ ಎತ್ತಿದವರಲ್ಲ.
ಹೆಂಡತಿಯ ಪಾಲಿನ ಊಟದ ಚೀಟಿಯನ್ನು
ಟ್ರೌಗೊಟ್ ಒಂದು ವರ್ಷ ಸುಮ್ಮನೆ ಯಾಗ್ನಾಳ ಕೈಗಿಟ್ಟ.
ಹಾಗೆ ನಮಗೆ ತಿಳಿಯಿತು.

ಈ ಸಲ ವೇದಿಕೆಯ ಮೇಲೆ ಹೊಸ ಮುಖ ಮೂರು,
ಒಳ್ಳೆಯ ಬೂಟು. ಅಧ್ಯಕ್ಷರು ಓದಿದರು:
ಕೊಳ್ಳುವವರು ಬಂದಿದ್ದಾರೆ, ಇಡೀ ಕಂಪನಿಯನ್ನೇ,
ಷೇರಿಗೆ ನಲವತ್ತೊಂದರಂತೆ.

ನಾವು ಹೇಳಿದ್ದಕ್ಕಿಂತ ಒಂದು ಹೆಚ್ಚು.
ಗೆದ್ದಿದ್ದೆವು.
ಮೂರನೇ ಸಾಲಿನಲ್ಲಿ ಯಾರೂ ಅಲುಗಲಿಲ್ಲ.

ಟ್ರೌಗೊಟ್ ಮೈಕಿನ ಬಳಿ ಹೋಗಿ, ತಂದ ಹಾಳೆ ಬಿಚ್ಚಿ,
ಮತ್ತೆ ಮಡಚಿ ಜೇಬಿಗಿಟ್ಟುಕೊಂಡು ಕೇಳಿದ:
"ಬಾಗಿಲಿಗೆ ಎಣ್ಣೆ ಹಾಕಿದವರು ಯಾರು?"
ಯಾರೂ ನಗಲಿಲ್ಲ. ವಕೀಲರು ಕಿವಿಯಲ್ಲಿ ಏನೋ ಉಸುರಿದರು.
ಲಿಖಿತ ಉತ್ತರ ಕಳಿಸುತ್ತೇವೆ ಎಂದರು ಅಧ್ಯಕ್ಷರು.

ಮತಕ್ಕೆ ಹಾಕಿದರು. ನಾನು ಒಪ್ಪಿಗೆ ಒತ್ತಿದೆ.
ಇಪ್ಪತ್ತೆರಡು ವರ್ಷದ ಕೂಡು-ಕಳೆ
ಬೆರಳಿನ ತುದಿಗೆ ಬಂದು ತಾನೇ ಒತ್ತಿತು.
ಪಕ್ಕದವರ ಬೆರಳೂ ಹಾಗೆಯೇ.
ಪರದೆಯ ಮೇಲೆ ಲಕ್ಷಗಳು ಏರಿ ನಿಂತವು,
ಅವುಗಳ ಕೆಳಗೆ ಒಂದು ಸಾಲು:
ವಿರುದ್ಧ, ಹನ್ನೊಂದು.

ಯಾಗ್ನಾ ಕಿಟಕಿಯಾಚೆ ನೋಡುತ್ತಿದ್ದಳು.

ಊಟಕ್ಕೆ ಸಾಲಡ್ ಇರಲಿಲ್ಲ. ಕಡ್ಡಿ ಚುಚ್ಚಿದ ಪುಟ್ಟ ಪುಟ್ಟ ತಿಂಡಿ;
ಚೀಲಕ್ಕೆ ಹಾಕುವಂಥದ್ದು ಒಂದೂ ಇಲ್ಲ.
ಸ್ಟೇಷನ್ನಿಗೆ ಒಟ್ಟಿಗೇ ನಡೆದೆವು, ಸೈಕಲ್ಲು ತಳ್ಳಿಕೊಂಡು.
ಅಷ್ಟು ದುಡ್ಡು ಬರುವುದಿತ್ತು,
ಆದರೂ ಕಾಫಿಯನ್ನು ಯಂತ್ರದಲ್ಲೇ ಕೊಂಡೆವು.
ರೈಲು ಹನ್ನೆರಡು ನಿಮಿಷ ತಡವೆಂದು ಘೋಷಣೆಯಾದಾಗ
ಗೆರ್ಲಿಂಡೆ ಚೀಲದಿಂದ ಒಂದು ವಾರ್ಷಿಕ ವರದಿ ಎಳೆದಳು,
ಅಂಚೆಲ್ಲ ಪೆನ್ಸಿಲ್ಲಿನ ಗೀಚು.
"ಅದೇ ಸಾಬೂನಿನವರು. ಸಾಲವಿಲ್ಲ. ಏಪ್ರಿಲಿನಲ್ಲಿ ಸಭೆ,
ಊಟಕ್ಕೆ ಏನು ಕೊಡುತ್ತಾರೋ ಬರೆದಿಲ್ಲ."

ವೆಂಡೆಲಿನ್ ಕೇಳಿದ, ಇಲ್ಲವೇ ಕೊರ್ಬಿನಿಯಾನ್:
"ಬಾಗಿಲು ಹೇಗಿದೆಯಂತೆ?"